ಬಿಡವಲ್ದು ಅಂದರೆ ಬಿಡುವುದಲ್ಲ

ಬೆಂಗಳೂರಿನಿಂದ ಬಂದ ಮೇಲ್ ಚಿಕ್ಕದಾಗಿತ್ತು. ಹಾವೇರಿ ಕೇಂದ್ರ ಕಳಿಸಿದ ಧ್ವನಿಮುದ್ರಣಗಳಲ್ಲಿ ತಿರಸ್ಕಾರವಾದವು ಉಳಿದೆಲ್ಲ ಕೇಂದ್ರಗಳಿಗಿಂತ ಹೆಚ್ಚು. ಮಾತನಾಡಿದವರ ಭಾಷೆಯ ಗುಣಮಟ್ಟ ಕಡಿಮೆ ಇದೆ. ಓದುಬರಹ ಚೆನ್ನಾಗಿ ಬಲ್ಲವರನ್ನು ಕೂರಿಸಿ, ನಾವು ಬರೆದುಕೊಟ್ಟ ವಾಕ್ಯಗಳನ್ನು ಓದಿಸಿ, ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ಅಷ್ಟೇ.

'ಭಾಷೆಯ ಗುಣಮಟ್ಟ' ಎಂಬಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಆ ಧ್ವನಿಗಳಿಗಾಗಿ ನಾವು ಎಲ್ಲೆಲ್ಲಿ ಕೂತಿದ್ದೆವು ಎಂಬುದು ನನಗೆ ಗೊತ್ತಿತ್ತು. ಬ್ಯಾಡಗಿಯ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ನಡುವೆ, ಘಾಟಿಗೆ ಅವರೂ ಕೆಮ್ಮುತ್ತ ನಾವೂ ಕೆಮ್ಮುತ್ತ. ಕದರಮಂಡಲಗಿಯಲ್ಲಿ ಆಂಜನೇಯನ ಗುಡಿಯ ಗಂಟೆ ನಿಲ್ಲುವುದನ್ನೇ ಕಾಯುತ್ತ. ಮೇಡ್ಲೇರಿಯಲ್ಲಿ ಹೊಲದಿಂದ ಬಂದು ಕೈಕಾಲು ತೊಳೆದುಕೊಂಡ ತಾಯಂದಿರ ಪಡಸಾಲೆಗಳಲ್ಲಿ, ತೊಡೆಯ ಮೇಲಿನ ಕೂಸು ಫೋನಿಗೆ ಕೈ ಹಾಕದಂತೆ ನೋಡಿಕೊಳ್ಳುತ್ತ. ಅವರಲ್ಲಿ ಒಬ್ಬರಾದರೂ ಕಡಿಮೆ ಗುಣಮಟ್ಟದ ಮಾತು ಆಡಿದ್ದು ನನಗೆ ನೆನಪಿರಲಿಲ್ಲ.

ಕೆಲಸ ಏನೆಂದು ಮೊದಲು ಹೇಳಬೇಕು. ಹಳ್ಳಿಯ ತಾಯಂದಿರಿಗಾಗಿ ಒಂದು ಆರೋಗ್ಯ ಸಹಾಯವಾಣಿ ಬರಲಿತ್ತು. ಫೋನ್ ಮಾಡಿದರೆ ಮೊದಲು ಎತ್ತುವುದು ಯಂತ್ರ. ಅದು ತಾಯಿಯ ಮಾತು ಕೇಳಿ, ಅರ್ಥಮಾಡಿಕೊಂಡು, 'ಮನೆಯಲ್ಲೇ ನೋಡಿಕೊಳ್ಳಿ' ಎನ್ನಬೇಕೋ, 'ಈಗಲೇ ದವಾಖಾನೆಗೆ ಹೋಗಿ' ಎನ್ನಬೇಕೋ ನಿರ್ಧರಿಸುತ್ತದೆ. ಆ ಯಂತ್ರಕ್ಕೆ ಕನ್ನಡ ಕಲಿಸಲು ಜನರ ನಿಜವಾದ ಮಾತು ಬೇಕಿತ್ತು. ನಮ್ಮ ಕೇಂದ್ರದ ಪಾಲಿಗೆ ಹಾವೇರಿ ಜಿಲ್ಲೆ ಬಂದಿತ್ತು. ಬ್ಯಾಡಗಿಯ ಒಬ್ಬ ಹಿರಿಯ ಮುಸ್ಲಿಂ ಹೆಣ್ಣುಮಗಳು ಊರೂರು ತಿರುಗಿ ಮಾತು ಸಂಗ್ರಹಿಸುತ್ತಿದ್ದರು. ನಾನು ಅವರನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದೆ. ಅವರು ತಂದ ಮಾತನ್ನು ನಮ್ಮ ಹುಡುಗಿಯರು ಕಿವಿಗೆ ಬಿದ್ದಂತೆಯೇ ಬರೆಯುತ್ತಿದ್ದರು. ಬರಹವನ್ನು ಬೆಂಗಳೂರಿನ ಪರಿಶೀಲಕರು ನೋಡಿ ಒಪ್ಪುತ್ತಿದ್ದರು, ತಿದ್ದುತ್ತಿದ್ದರು, ಇಲ್ಲವೇ ತಳ್ಳಿಹಾಕುತ್ತಿದ್ದರು. ಈ ಮೂರು ಹಂತದ ಕಡತಗಳನ್ನು ಹೊಂದಿಸಿ ಕಳಿಸುವ ಜವಾಬ್ದಾರಿ ನನ್ನದು.

ಕೇಂದ್ರದ ಮಾಲೀಕರು ಒಳ್ಳೆಯ ಮನುಷ್ಯ, ಆದರೆ ಬೆಂಗಳೂರು ಎಂದರೆ ಅಂಜುವವರು. ಮೇಲ್ ಬಂದ ಮಧ್ಯಾಹ್ನವೇ ರಾಣೆಬೆನ್ನೂರಿನ ಕಾಲೇಜೊಂದಕ್ಕೆ ಫೋನ್ ಮಾಡಿ, ಚೆಂದಾಗಿ ಓದುವ ವಿದ್ಯಾರ್ಥಿಗಳು ಸಿಗುತ್ತಾರೆಯೇ ಎಂದು ಕೇಳಿದ್ದರು. ಸಿಗುತ್ತಾರೆ ಎಂದು ಅಲ್ಲಿಂದ ಉತ್ತರವೂ ಬಂದಿತ್ತು. ನಾನು ಅವರ ಟೇಬಲ್ಲಿನ ಮುಂದೆ ನಿಂತು, ಯಾಕೆ ತಳ್ಳಿದ್ದಾರೆ ಎಂದು ತಿಳಿಯದೆ ಒಂದನ್ನೂ ಮತ್ತೆ ಮಾಡಿಸುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಸರಿ, ತಿಳಿದುಕೊಳ್ಳಿ, ಆದರೆ ಬೇಗ ಎಂದರು.

ತಿಳಿದುಕೊಳ್ಳುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಬೆಂಗಳೂರಿನವರು ಕೊಟ್ಟ ಪರದೆ ಒಂದು ಸಲಕ್ಕೆ ಒಂದೇ ಧ್ವನಿಯನ್ನು ತೋರಿಸುತ್ತಿತ್ತು. ನಾವು ಬರೆದದ್ದನ್ನೂ ಅವರು ತಿದ್ದಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಲು ಅಲ್ಲಿ ದಾರಿಯೇ ಇರಲಿಲ್ಲ. ಸ್ಪ್ರೆಡ್‌ಶೀಟಿಗೆ ಇಳಿಸಿಕೊಂಡು ನೋಡೋಣವೆಂದರೆ ಕನ್ನಡವೆಲ್ಲ ಚೌಕಗಳೂ ಪ್ರಶ್ನೆ ಚಿಹ್ನೆಗಳೂ ಆಗಿ ಕೂತವು. ಉಳಿದದ್ದು ಮೂಲ ಕಡತಗಳು. ಮೂರೂ ಜೆಸಾನ್ ರೂಪದಲ್ಲಿದ್ದವು. ಎಂದರೆ ಪ್ರತಿಯೊಂದು ಮಾಹಿತಿಗೂ ಒಂದು ಹೆಸರು, ಆ ಹೆಸರಿನ ಎದುರು ಅದರ ಮೌಲ್ಯ. ಊರು ಎಂಬ ಹೆಸರಿನ ಎದುರು ಮೇಡ್ಲೇರಿ ಎಂದಿರುವಂತೆ. ಮೊದಲ ಕಡತದಲ್ಲಿ ಮಾತಾಡಿದವರ ಊರು, ವಯಸ್ಸು. ಎರಡನೆಯದರಲ್ಲಿ ನಾವು ಬರೆದ ಮಾತು. ಮೂರನೆಯದರಲ್ಲಿ ಪರಿಶೀಲಕರ ತೀರ್ಮಾನ, ಕಾರಣ, ಅವರ ಅಂತಿಮ ಬರಹ. ಮೂರಕ್ಕೂ ಸಾಮಾನ್ಯವಾಗಿದ್ದದ್ದು ಧ್ವನಿಯ ಕ್ರಮಸಂಖ್ಯೆ ಒಂದೇ.

ಇಂಥ ಕಡತಗಳಿಂದ ಬೇಕಾದ್ದನ್ನು ಹೆಕ್ಕಿ ತೆಗೆಯಲು ಜೆಕ್ಯೂ ಎಂಬ ಸಾಧನವಿದೆ. ಅದಕ್ಕೆ ಕಿಟಕಿಯಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಎಂಟರ್ ಒತ್ತಿದರೆ, ಕೇಳಿದ್ದನ್ನು ಕೇಳಿದ ಹಾಗೆ ಕೊಡುತ್ತದೆ. ತಪ್ಪಾಗಿ ಕೇಳಿದರೆ ತಪ್ಪನ್ನೇ ಕೊಡುತ್ತದೆ, ಮುಲಾಜಿಲ್ಲದೆ. ನನಗೆ ಆಗ ಅಂಥದ್ದೇ ಬೇಕಿತ್ತು.

ಮೊದಲು ಮೂರನೆಯ ಕಡತವೊಂದನ್ನೇ ತೆಗೆದುಕೊಂಡು, ತಿರಸ್ಕಾರದ ಕಾರಣಗಳನ್ನು ಗುಂಪು ಮಾಡಿಸಿದೆ. ಹಿನ್ನೆಲೆ ಸದ್ದು ಎಂಬುದೊಂದು ಗುಂಪು. ತೆಗೆದು ಕೇಳಿದರೆ ಬ್ಯಾಡಗಿಯ ಕೆಮ್ಮು, ಕದರಮಂಡಲಗಿಯ ಗಂಟೆ. ಅದನ್ನು ನಾನು ಒಪ್ಪಿದೆ. ವಾಕ್ಯ ಅಪೂರ್ಣ ಎಂಬುದು ಇನ್ನೊಂದು, ಅದರಲ್ಲೂ ತಕರಾರಿರಲಿಲ್ಲ. ಆದರೆ ಎರಡನ್ನೂ ಕೂಡಿಸಿದರೂ ಅದಕ್ಕಿಂತ ದೊಡ್ಡದಾಗಿ ನಿಂತಿದ್ದ ಗುಂಪಿನ ಹೆಸರು 'ತಪ್ಪು ಉಚ್ಚಾರ'.

ಯಾವ ಮಾತಿನ ಉಚ್ಚಾರ ತಪ್ಪು ಎಂದು ತಿಳಿಯಬೇಕಾದರೆ ಎರಡನೆಯ ಕಡತ ಮತ್ತು ಮೂರನೆಯದು ಕೂಡಬೇಕು. ಕ್ರಮಸಂಖ್ಯೆಯ ಆಧಾರದ ಮೇಲೆ ಜೋಡಿಸುವ ಸಾಲು ಬರೆದು ಎಂಟರ್ ಒತ್ತಿದೆ. ಪರದೆ ತುಂಬ 'ನಲ್' ಎಂದು ಬಂತು. ನಲ್ ಎಂದರೆ ಏನೂ ಇಲ್ಲ ಎಂದರ್ಥ. ಸಾಲನ್ನು ಮತ್ತೆ ಓದಿದೆ, ಆವರಣಗಳನ್ನು ಎಣಿಸಿದೆ, ಇನ್ನೊಂದು ರೀತಿಯಲ್ಲಿ ಬರೆದೆ. ಮತ್ತೆ ನಲ್. ಕರೆಂಟ್ ಹೋಯಿತು. ಬಂದ ಮೇಲೆ ಕೂತು ಒಂದೇ ಒಂದು ಧ್ವನಿಯನ್ನು ಎರಡೂ ಕಡತಗಳಿಂದ ತೆಗೆದು ಕಣ್ಣಿಗೆ ಹತ್ತಿರ ಹಿಡಿದು ನೋಡಿದಾಗ ಗೊತ್ತಾಯಿತು: ನಮ್ಮ ಕಡತದಲ್ಲಿ ಕ್ರಮಸಂಖ್ಯೆ ಬರೀ ಸಂಖ್ಯೆ, ಅವರದರಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರಹವಾಗಿ ಕೂತಿದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಜೆಕ್ಯೂ ಲೆಕ್ಕದಲ್ಲಿ ಅವು ಬೇರೆ ಬೇರೆ ವಸ್ತುಗಳು. ನಮ್ಮ ಸಂಖ್ಯೆಯನ್ನೂ ಬರಹವಾಗಿಸಿ ಜೋಡಿಸು ಎಂದು ಒಂದು ಪದ ಸೇರಿಸಿದೆ. ಕಡತಗಳು ಕೂಡಿಕೊಂಡವು.

ತಪ್ಪು ಉಚ್ಚಾರದ ಸಾಲುಗಳು ಒಂದೊಂದಾಗಿ ಕೆಳಗಿಳಿಯತೊಡಗಿದವು. 'ಹೊಟ್ಟಿ ಕಡ್ಯಾಕತ್ತೈತಿ' ತಪ್ಪು. 'ಕೂಸಿಗೆ ಮೈ ಸುಡಾಕತ್ತೈತ್ರಿ' ತಪ್ಪು. 'ಎದಿ ಹಾಲ ಸಾಲೂದಿಲ್ಲ' ತಪ್ಪು. ನಮ್ಮ ಅವ್ವ ನನ್ನನ್ನು ಬೆಳೆಸಿದ ಮಾತುಗಳೆಲ್ಲ ಸಾಲಾಗಿ ನಿಂತು ತಪ್ಪು ತಪ್ಪು ಎನ್ನಿಸಿಕೊಳ್ಳುತ್ತಿದ್ದವು. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು. ಆಪಾ ಆ ದಿನ ಬ್ಯಾಡಗಿಯಿಂದ ಬಂದಿದ್ದರು. ನನ್ನ ಹಿಂದೆ ನಿಂತು ಪರದೆ ಓದಿದರು. ಹೋಗಿ ಪರದೆಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಕೂತರು. ಆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿ ಫೋನಿನ ಮುಂದೆ ಕೂರಿಸಿದವರು ಅವರು.

ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಕೈಯಲ್ಲಿ ಉಳಿಯುತ್ತಿದ್ದದ್ದು ಅಭಿಮಾನದ ಜಗಳ ಮಾತ್ರ. ಬೆಂಗಳೂರಿನವರು ಅದನ್ನು ಎರಡು ಮೃದು ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಆದರೆ ಕಡತ ಕೂಡಿಕೊಂಡಿತ್ತು, ನನ್ನ ಸಿಟ್ಟು ಇಳಿದಿರಲಿಲ್ಲ. ತಳ್ಳಿದ್ದನ್ನು ನೋಡಿಯಾಯಿತು, ಒಪ್ಪಿದ್ದು ಹೇಗಿದೆಯೋ ನೋಡೋಣ ಎನ್ನಿಸಿತು. ನಾವು ಬರೆದದ್ದು ಮತ್ತು ಅವರ ಅಂತಿಮ ಬರಹ ಎಲ್ಲಿ ಬೇರೆಯಾಗಿದೆಯೋ ಅಂಥವನ್ನು ಮಾತ್ರ ತೋರಿಸು ಎಂದು ಕೇಳಿದೆ. ಆ ಸಾಲು ತೀರ ಸಣ್ಣದು:

jq 'select(.ours != .final)' jodi.json

ಬಂದ ಉತ್ತರ ನೋಡಿ ತಲೆ ತಿರುಗಿತು. ಹೆಚ್ಚುಕಡಿಮೆ ಎಲ್ಲವೂ ಬೇರೆ ಎನ್ನುತ್ತಿತ್ತು. ಆದರೆ ಎಷ್ಟೋ ಸಾಲುಗಳಲ್ಲಿ ನಮ್ಮ ಬರಹವೂ ಅವರ ಬರಹವೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿ ಕಾಣುತ್ತಿದ್ದವು. ಕಣ್ಣು ಒಂದೇ ಎನ್ನುತ್ತದೆ, ಯಂತ್ರ ಅಲ್ಲ ಎನ್ನುತ್ತದೆ. ಒಂದು ಇಡೀ ಬೆಳಗ್ಗೆ ಇದರಲ್ಲೇ ಹೋಯಿತು. ಕೊನೆಗೆ ಅಂಥ ಒಂದು ಪದದ ಅಕ್ಷರಗಳನ್ನು ಬಿಡಿಸಿ ಅವುಗಳ ಸಂಕೇತ ಸಂಖ್ಯೆಗಳನ್ನು ತೋರಿಸು ಎಂದು ಕೇಳಿದಾಗ, ಅವರ ಪದದೊಳಗೆ ಒಂದು ಅಕ್ಷರ ಹೆಚ್ಚಿಗೆ ಇತ್ತು. ಅದಕ್ಕೆ ರೂಪವಿಲ್ಲ, ಅಗಲವಿಲ್ಲ. ಕನ್ನಡದಲ್ಲಿ ಒತ್ತಕ್ಷರ ಬೀಳಬಾರದ ಕಡೆ ಕೀಬೋರ್ಡು ತಾನಾಗಿ ಸೇರಿಸುವ ಕಾಣದ ಅಕ್ಷರ ಅದು. ನಮ್ಮ ಹುಡುಗಿಯರು ಫೋನಿನಲ್ಲಿ ಬರೆಯುತ್ತಿದ್ದರು, ಅವರು ಕಂಪ್ಯೂಟರಿನಲ್ಲಿ. ಒಂದು ಸೇರಿಸುತ್ತಿತ್ತು, ಇನ್ನೊಂದು ಬಿಡುತ್ತಿತ್ತು. ಹೋಲಿಸುವ ಮೊದಲು ಎರಡೂ ಕಡೆಯಿಂದ ಆ ಅಕ್ಷರವನ್ನೂ ಹೆಚ್ಚಿನ ಖಾಲಿ ಜಾಗಗಳನ್ನೂ ಅಳಿಸಿಹಾಕು ಎಂದೆ. ಪಟ್ಟಿ ಸಣ್ಣದಾಯಿತು. ಈಗ ಉಳಿದದ್ದೆಲ್ಲ ನಿಜವಾದ ತಿದ್ದುಪಡಿ.

ಅದರಲ್ಲಿ ಮೇಲಿನಿಂದ ಕೆಲವೇ ಸಾಲು ಓದಿದ್ದೆನೋ ಏನೋ, ಇದು ಕಣ್ಣಿಗೆ ಬಿತ್ತು. ನಾವು ಬರೆದದ್ದು: ಕೂಸಿಗೆ ಜ್ವರಾ ಬಿಡವಲ್ದು. ಅವರ ಅಂತಿಮ ಬರಹ: ಕೂಸಿಗೆ ಜ್ವರ ಬಿಡುವುದು. ತೀರ್ಮಾನ: ಒಪ್ಪಲಾಗಿದೆ.

ನಾನು ಕುರ್ಚಿಯಿಂದ ಎದ್ದುನಿಂತೆ.

ನಮ್ಮ ಕಡೆಯ ಕನ್ನಡ ತಿಳಿಯದವರಿಗಾಗಿ ಹೇಳುತ್ತೇನೆ. ಬಿಡವಲ್ದು ಎಂದರೆ ಬಿಡಲೊಲ್ಲದು. ಎಷ್ಟು ಮಾಡಿದರೂ ಜ್ವರ ಬಿಡುತ್ತಿಲ್ಲ ಎಂದು. ಪರಿಶೀಲಕರ ಕಿವಿಗೆ ಆ 'ವಲ್ದು' ಬರೀ ಒರಟಾದ 'ವುದು' ಎಂದು ಕೇಳಿಸಿದೆ. ತೊಳೆದು ಚೊಕ್ಕ ಮಾಡಿದ್ದಾರೆ. ಚೊಕ್ಕ ಮಾಡುವಾಗ ಜ್ವರವನ್ನೂ ಬಿಡಿಸಿಬಿಟ್ಟಿದ್ದಾರೆ. ತಿರಸ್ಕಾರವಾದ ಮಾತು ಯಂತ್ರದವರೆಗೆ ಹೋಗುವುದೇ ಇಲ್ಲ, ಅದರಿಂದ ಅವಮಾನವಾಗಬಹುದು, ಯಾರ ಜೀವಕ್ಕೂ ತೊಂದರೆಯಿಲ್ಲ. ಇದು ಒಪ್ಪಿಗೆಯ ಮುದ್ರೆ ಬಿದ್ದ ಮಾತು. ಇದನ್ನೇ ಓದಿ ಯಂತ್ರ ಕಲಿಯುತ್ತದೆ.

ಇಂಥವು ಎಷ್ಟಿವೆ ಎಂದು ನೋಡಲು 'ವಲ್ದು' ಇರುವ ಸಾಲುಗಳನ್ನೆಲ್ಲ ಹೆಕ್ಕಿದೆ. ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ ಬಂದವು, ಅದೇ ಅನುಮಾನ ಹುಟ್ಟಿಸಿತು. ಆಪಾ ಬಂದು ಪಕ್ಕದಲ್ಲಿ ಕೂತರು. ಯಾವ ಊರಿನಲ್ಲಿ ಯಾರು ಹೇಗೆ ಅನ್ನುತ್ತಾರೆ ಎಂದು ಇಬ್ಬರೂ ನೆನಪು ಮಾಡಿಕೊಂಡೆವು. ವಲ್ದು, ವಲ್ಲದು, ಒಲ್ದು, ವಲ್ತು, ಕೊನೆಗೆ ರೀ ಸೇರಿದರೆ ವಲ್ದ್ರಿ. ನಮ್ಮ ಹುಡುಗಿಯರೂ ಕೇಳಿದ ಹಾಗೆ ಬರೆದಿದ್ದರಿಂದ ಎಲ್ಲ ರೂಪಗಳೂ ಕಡತದಲ್ಲಿದ್ದವು. ಹುಡುಕುವ ಸಾಲಿನಲ್ಲಿ ಎಲ್ಲವನ್ನೂ ಸೇರಿಸಿದಾಗ ಪರದೆ ತುಂಬಿತು. ಮೊಲಿ ಹಿಡಿವಲ್ದು ಎಂಬುದು ಮೊಲೆ ಹಿಡಿಯುವುದು ಆಗಿತ್ತು. ಕೂಸು ಕಣ್ಣ ತೆರಿವಲ್ದು ಎಂಬುದು ಕಣ್ಣು ತೆರೆಯುವುದು ಆಗಿತ್ತು. ವಾಂತಿ ನಿಂದ್ರವಲ್ದು ಎಂಬುದು ವಾಂತಿ ನಿಲ್ಲುವುದು ಆಗಿತ್ತು. ಮೊದಲನೆಯ ಕಡತದಿಂದ ಊರಿನ ಹೆಸರನ್ನೂ ತಂದು ಪಕ್ಕದಲ್ಲಿ ಕೂಡಿಸಿದೆ. ಮೇಡ್ಲೇರಿ, ಬ್ಯಾಡಗಿ, ಗಳಗನಾಥ, ಹಾವೇರಿಯ ಓಣಿಗಳು. ಎಲ್ಲ ಕಡೆಯೂ ಕಾಯಿಲೆ ಬಿದ್ದ ಕೂಸುಗಳು ಕಾಗದದ ಮೇಲೆ ಗುಣವಾಗಿದ್ದವು.

ಬೆಂಗಳೂರಿನಿಂದ ಆ ಮೇಲ್ ಕಳಿಸಿದ್ದ ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಕೆಟ್ಟವರಲ್ಲ, ದನಿ ಏರಿಸಿದ್ದನ್ನು ನಾನು ಕೇಳಿಯೇ ಇಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ನೋಡಿ ಮೇಡಂ, ನಿಮ್ಮ ಪಾಯಿಂಟ್ ಅರ್ಥ ಆಯ್ತು. ಒಂದೆರಡು ಕಡೆ ಹಾಗೆ ಆಗಿರಬಹುದು. ಲಿಸ್ಟ್ ಕಳಿಸಿ, ಸರಿ ಮಾಡಿಸ್ತೀನಿ. ಆದರೆ ಯಂತ್ರಕ್ಕೆ ಒಂದೇ ಥರದ ಕನ್ನಡ ಬೇಕು. ಅದಕ್ಕೇ ಓದಿಸಿ ರೆಕಾರ್ಡ್ ಮಾಡಿ ಅಂತ ಹೇಳಿದ್ದು."

ಫೋನ್ ಮಾಡುವ ತಾಯಿ ಆ ಒಂದೇ ಥರದ ಕನ್ನಡ ಮಾತಾಡುವುದಿಲ್ಲವಲ್ಲ ಎಂದೆ. ನಿಧಾನವಾಗಿ ಅಭ್ಯಾಸ ಆಗುತ್ತೆ ಎಂದರು. ಯಾರಿಗೆ ಎಂದು ಕೇಳಿದೆ. ಓದಿಸಿ ಮಾಡುವ ಕೆಲಸ ನಮ್ಮ ಕೇಂದ್ರದಿಂದ ಆಗುವುದಿಲ್ಲ ಎಂದು ಹೇಳಿ ನಾನೇ ಫೋನ್ ಇಟ್ಟೆ.

ಅವರು ಮಾಲೀಕರಿಗೆ ಫೋನ್ ಮಾಡಿದರು. ಮಾಲೀಕರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಹಾವೇರಿ ಕೇಂದ್ರವನ್ನು ಮುಂದುವರಿಸಬೇಕೋ ಬೇಡವೋ ಎಂದು ಬೆಂಗಳೂರಿನಲ್ಲಿ ಯೋಚಿಸುತ್ತಿದ್ದಾರಂತೆ. ನಮ್ಮಲ್ಲಿ ಕೂತು ಬರೆಯುವ ಹುಡುಗಿಯರಲ್ಲಿ ಕೆಲವರ ಮನೆಯವರು ಅವರನ್ನು ಹೊರಗೆ ಕಳಿಸಿದ್ದೇ ಈ ಕೆಲಸ ಊರಲ್ಲೇ ಇದೆ ಎಂಬ ಕಾರಣಕ್ಕೆ. ಅದನ್ನು ಅವರು ನನಗೆ ನೆನಪಿಸಿದರು. ನನಗೆ ಮರೆತಿರಲಿಲ್ಲ.

"ಅಕ್ಕಾರ, ಇಂಥಾ ಕೆಲಸ ಹಾವೇರಿಗೆ ಮತ್ತ ಯಾವಾಗ ಬರ್ತೈತಿ ಹೇಳ್ರಿ," ಎಂದರು. "ಅವರು ಅಂದಂಗ ಮಾಡಿಕೊಟ್ಟು ಬಿಡೂಣು."

ನಾನು ಆ ಸಾಲುಗಳನ್ನು ಹಾಳೆಯ ಮೇಲೆ ಮುದ್ರಿಸಿ ಅವರಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಕಣ್ಣ ತೆರಿವಲ್ದು ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಪಕ್ಕದ ಸಾಲಿಗೆ ಹೋಗಿ ಮತ್ತೆ ಹಿಂದಕ್ಕೆ ಬಂತು. ಅವರಿಗೆ ಮೊಮ್ಮಗಳು ಹುಟ್ಟಿ ಬಹಳ ದಿನವಾಗಿರಲಿಲ್ಲ. ಯೋಚನೆ ಮಾಡುತ್ತೇನೆ ಎಂದು ಹಾಳೆಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು.

ಕಡತಗಳನ್ನು ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಒಪ್ಪಿಸಲು ಬೆಂಗಳೂರಿನವರು ಮೊದಲೇ ಬರೆದಿಟ್ಟ ಆಜ್ಞೆಗಳ ಒಂದು ಸ್ಕ್ರಿಪ್ಟ್ ಕೊಟ್ಟಿದ್ದರು. ತೆರೆದು ಓದಿದೆ. ಒಳಗಿದ್ದದ್ದೂ ಜೆಕ್ಯೂ ಸಾಲೇ. ಅದು ಮಾಡುತ್ತಿದ್ದದ್ದು ಇಷ್ಟು: ನಮ್ಮ ಬರಹದ ಜಾಗದಲ್ಲಿ ಅವರ ಅಂತಿಮ ಬರಹವನ್ನು ಕೂರಿಸುವುದು, ನಮ್ಮದನ್ನು ಬಿಸಾಡುವುದು. ಒಂದು ಸಲ ಓಡಿಸಿದರೆ ಆ ಹೆಂಗಸರು ನಿಜವಾಗಿ ಏನೆಂದರು ಎಂಬುದು ಬರಹದಲ್ಲಿ ಎಲ್ಲಿಯೂ ಉಳಿಯುತ್ತಿರಲಿಲ್ಲ. ಆ ಸ್ಕ್ರಿಪ್ಟ್ ಓಡಿಸಬೇಕಾದವಳು ನಾನು.

ಓಡಿಸುವುದಿಲ್ಲ ಎಂದು ತೀರ್ಮಾನಿಸಿದೆ. ಆದರೆ ಸುಮ್ಮನೆ ಕೈಕಟ್ಟಿ ಕೂತರೆ ಇನ್ನೊಬ್ಬರು ಓಡಿಸುತ್ತಾರೆ. ಆದ್ದರಿಂದ ಬೇರೆ ಸಾಲು ಬರೆದೆ. ನಮ್ಮ ಬರಹ ಅದರ ಜಾಗದಲ್ಲೇ ಇರಲಿ, ಅವರ ತಿದ್ದುಪಡಿ ಪಕ್ಕದಲ್ಲಿ ಹೊಸ ಹೆಸರಿನಲ್ಲಿ ಬರಲಿ ಎಂದು. ಒಪ್ಪಿಸುವ ಮೊದಲು ಕಡತವನ್ನು ತಪಾಸಣೆ ಮಾಡುವ ಒಂದು ದ್ವಾರವಿತ್ತು. ಪ್ರಯೋಗಕ್ಕೆಂದು ಹಾಕಿದರೆ ಅದು ವಾಪಸ್ ಕಳಿಸಿತು. ಗೊತ್ತಿಲ್ಲದ ಹೆಸರಿದೆಯಂತೆ. ನಿಯಮದ ಪುಟವನ್ನು ಓದುತ್ತ ಹೋದಾಗ, ಷರಾ ಎಂಬ ಒಂದು ಹೆಸರು ಮೊದಲೇ ಇರುವುದು ಕಂಡಿತು. ಯಾರೂ ಬಳಸದೆ ಖಾಲಿ ಬಿದ್ದಿತ್ತು. ಬೆಂಗಳೂರಿನ ತಿದ್ದುಪಡಿಯನ್ನೆಲ್ಲ ಆ ಷರಾದೊಳಗೆ ಕೂರಿಸಿದೆ. ಈ ಸಲ ದ್ವಾರ ತೆರೆಯಿತು.

ನಿಜವಾಗಿ ಒಪ್ಪಿಸುವ ಮೊದಲು ಒಂದು ಕೆಲಸ ಬಾಕಿ ಇತ್ತು. ಏನು ಮಾಡಿದ್ದೇನೆ ಎಂಬುದನ್ನು ಮುಚ್ಚಿಡುವ ಮನಸ್ಸು ನನಗಿರಲಿಲ್ಲ. ಮ್ಯಾನೇಜರಿಗೆ ಮಾತ್ರವಲ್ಲ, ಸಹಾಯವಾಣಿಯ ಹೊಣೆ ಹೊತ್ತ ಡಾಕ್ಟರಿಗೂ ತಿಳಿಸಬೇಕು, ಬರಹದ ಜೊತೆ ಧ್ವನಿಯನ್ನೂ ಕೇಳಿಸಬೇಕು. ಧ್ವನಿ ಕೊಟ್ಟವರನ್ನು ಕೇಳದೆ ಅದು ಸರಿಯಲ್ಲ. ಆಪಾ ಮತ್ತು ನಾನು ಮೇಡ್ಲೇರಿಗೆ ಹೋದೆವು. ಜ್ವರಾ ಬಿಡವಲ್ದು ಎಂದ ತಾಯಿ ಹೊಲದಿಂದ ಆಗಷ್ಟೇ ಬಂದಿದ್ದಳು. ಅವಳು ಹೇಳಿದ್ದು ಕಟ್ಟಿದ ಮಾತಾಗಿರಲಿಲ್ಲ, ಹಿಂದಿನ ವರ್ಷ ಅವಳ ಮಗನಿಗೆ ಹಾಗೇ ಆಗಿತ್ತು. ಆ ಹುಡುಗ ಈಗ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದ. ಅವಳ ಮಾತನ್ನು ಬೆಂಗಳೂರಿನಲ್ಲಿ ಏನೆಂದು ಬರೆದಿದ್ದಾರೆ ಎಂಬುದನ್ನು ಹೇಳಿದೆ. ಅವಳಿಗೆ ಮೊದಲು ನಗು ಬಂತು. ಆಮೇಲೆ ನಗಲಿಲ್ಲ.

"ಹಂಗಾರ ನಾ ಅವತ್ತ ಆ ಮಿಶಿನ್ನಿಗೆ ಫೋನ್ ಹಚ್ಚಿದ್ರ, ಹುಡುಗ ಆರಾಮ ಅದಾನ, ಮನ್ಯಾಗ ಇರ್ರಿ ಅಂತಿತ್ತೇನ್ರಿ?"

ಅನ್ನುತ್ತಿತ್ತು ಎಂದೆ.

ಅವಳು ಮಗನ ಕಡೆ ನೋಡಿದಳು. "ಕೇಳಸ್ರಿ ಅವರಿಗೆ. ಯಾರ ಧ್ವನಿ ಅಂತ ಕೇಳಿದ್ರ ಹೇಳ್ರಿ, ಅಡ್ಡಿಲ್ಲ."

ಉಳಿದ ತಾಯಂದಿರ ಒಪ್ಪಿಗೆಯನ್ನೂ ಪಡೆದು, ಹಾವೇರಿಗೆ ಮರಳಿ ಮಾಲೀಕರ ಮುಂದೆ ಕೂತು, ಏನು ಕಳಿಸುತ್ತಿದ್ದೇನೆ, ಯಾರಿಗೆಲ್ಲ ಬರೆಯುತ್ತಿದ್ದೇನೆ ಎಂದು ಎಲ್ಲ ಹೇಳಿದೆ. ನನ್ನ ಹೆಸರಿನಲ್ಲೇ ಹೋಗುತ್ತದೆ, ಯಾರಾದರೂ ಕೇಳಿದರೆ ನನ್ನನ್ನೇ ತೋರಿಸಿ ಎಂದೆ. ಅವರು ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿ ಇಟ್ಟರು.

"ರಾಣೆಬೆನ್ನೂರಿನ ಹುಡುಗರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡ್ತೇನಿ," ಎಂದರು. ಅವರು ಹೇಳಿದ್ದು ಅಷ್ಟೇ. ನನಗೆ ಅಷ್ಟು ಸಾಕಿತ್ತು.

ಕಡತ ಒಪ್ಪಿಸಿದೆ. ಮೇಲ್ ಕಳಿಸಿದೆ. ಅದರಲ್ಲಿ ವಿಶೇಷಣಗಳಿರಲಿಲ್ಲ. ಆಡಿದ ಮಾತು, ತಿದ್ದಿದ ಮಾತು, ಎರಡರ ಅರ್ಥ, ಧ್ವನಿಯ ಕೊಂಡಿ. ಕೊನೆಯಲ್ಲಿ, ನೀವು ಕೊಟ್ಟ ಸ್ಕ್ರಿಪ್ಟನ್ನು ನಾನು ಬೇಕೆಂದೇ ಓಡಿಸಿಲ್ಲ, ಓಡಿಸುವುದೂ ಇಲ್ಲ ಎಂದು ಬರೆದಿದ್ದೆ.

ಬೆಂಗಳೂರಿನಿಂದ ಬಂದ ಮೊದಲ ಉತ್ತರ, ನಮ್ಮ ಕಡತವನ್ನು ತಡೆಹಿಡಿಯಲಾಗಿದೆ ಎಂದು. ಆಮೇಲೆ ನಮ್ಮ ಹುಡುಗಿಯರಿಗೆ ಕೊಡಲು ಹೊಸ ಧ್ವನಿ ಬರಲಿಲ್ಲ. ಅವರು ಬಂದು, ಖಾಲಿ ಪರದೆ ನೋಡಿ, ಮಾತಾಡಿಕೊಂಡು ಕೂತು ಹೋಗುತ್ತಿದ್ದರು. ಆ ದಿನಗಳಲ್ಲಿ ಅವರ ಮುಖ ನೋಡುವುದು ಕಷ್ಟವಾಗುತ್ತಿತ್ತು. ಆದರೆ ಒಮ್ಮೆಯೂ ಆ ಸ್ಕ್ರಿಪ್ಟ್ ಓಡಿಸಿಬಿಡಬೇಕಿತ್ತು ಎಂದು ಅನ್ನಿಸಲಿಲ್ಲ.

ಕೊನೆಗೆ ಡಾಕ್ಟರ್ ಎಲ್ಲರನ್ನೂ ವಿಡಿಯೋ ಕರೆಗೆ ಕೂರಿಸಿದರು. ಮಕ್ಕಳ ವೈದ್ಯೆ, ಮೈಸೂರು ಕಡೆಯವರು. ಮ್ಯಾನೇಜರ್ ಮೊದಲು ಮಾತಾಡಿ, ಭಾಷೆಯ ಏಕರೂಪತೆ ಏಕೆ ಬೇಕು ಎಂಬುದನ್ನು ಚೆನ್ನಾಗಿ ವಿವರಿಸಿದರು. ನನ್ನ ಸರದಿ ಬಂದಾಗ ನಾನು ವಿವರಿಸಲಿಲ್ಲ. ಮೇಡ್ಲೇರಿಯ ಧ್ವನಿ ಹಾಕಿ, ಈ ತಾಯಿ ಏನು ಹೇಳುತ್ತಿದ್ದಾಳೆ ಎಂದು ಡಾಕ್ಟರನ್ನು ಕೇಳಿದೆ.

ಅವರು ಇನ್ನೊಮ್ಮೆ ಹಾಕಿಸಿಕೊಂಡರು. "ಜ್ವರ ಬಿಡ್ತಾ ಇದೆ ಅಂತಲ್ವಾ?" ಎಂದರು, ಅಷ್ಟು ಖಚಿತವಿಲ್ಲದೆ.

ಬಿಡುತ್ತಿಲ್ಲ ಎಂದು ಹೇಳುತ್ತಿದ್ದಾಳೆ ಎಂದೆ. ಬೇರೆ ಎರಡು ಧ್ವನಿಗಳನ್ನೂ ಹಾಕಿದೆ, ಮೊಲೆ ಹಿಡಿಯದ ಕೂಸಿನದು, ಕಣ್ಣು ತೆರೆಯದ ಕೂಸಿನದು. ಡಾಕ್ಟರ್ ಏನೋ ಬರೆದುಕೊಂಡರು. ಕಣ್ಣು ತೆರೆಯದ, ಹಾಲು ಕುಡಿಯದ ಮಗು ಅಂದರೆ ಒಂದು ಗಂಟೆಯೂ ಕಾಯುವ ಹಾಗಿಲ್ಲ ಎಂದು ಹೇಳಿ, ಇದನ್ನು ಹೀಗೆ ತಿದ್ದಿ ಒಪ್ಪಿದವರು ಯಾರು ಎಂದು ಕೇಳಿದರು. ಮ್ಯಾನೇಜರ್ ಪರಿಶೀಲನೆಯ ಹಂತಗಳ ಬಗ್ಗೆ ಹೇಳಲು ಹೊರಟರು. ಡಾಕ್ಟರ್ ಅವರನ್ನು ತಡೆದು, ಆ ಕಡೆಯ ಮಾತು ಆ ಕಡೆಯವರೇ ನೋಡಲಿ ಎಂದರು.

ಮ್ಯಾನೇಜರ್ ಕ್ಷಮೆ ಕೇಳಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಹೊಸ ನಿಯಮ ಬಂತು. ಆಡಿದ ಮಾತು ಹಾಗೆಯೇ ಉಳಿಯಬೇಕು, ತಿದ್ದುಪಡಿ ಷರಾದಲ್ಲಿ ಮಾತ್ರ. ಓದಿಸಿ ಮಾಡಿಸುವ ಆದೇಶದ ಬಗ್ಗೆ ಯಾರೂ ಮತ್ತೆ ಮಾತೆತ್ತಲಿಲ್ಲ. ಪರಿಶೀಲನೆಯ ಒಂದು ಭಾಗ ಹಾವೇರಿಗೇ ಬಂತು. ಮೊದಲ ಪರಿಶೀಲಕಿಯಾಗಿ ನಾನು ಆಪಾರನ್ನು ಕೂರಿಸಿದೆ. ಅವರ ಕಿವಿ ನನಗೆ ಗೊತ್ತಿತ್ತು. ಪರಿಶೀಲಕರ ಪರದೆಯನ್ನು ಹೊಂದಿಸುವ ಕೆಲಸವೂ ನಮ್ಮ ಕೇಂದ್ರಕ್ಕೇ ಬಂತು.

ಕೆಲವು ವಾರ ನಮ್ಮ ಜಿಲ್ಲೆಯ ಧ್ವನಿಗಳೇ ಬಂದವು. ಆಮೇಲೆ ಒಂದು ದಿನ ಬೆಂಗಳೂರಿನಲ್ಲಿ ಕೆಲಸ ಜಾಸ್ತಿಯಾಗಿ, ಮಂಡ್ಯ ಕಡೆಯ ಒಂದಷ್ಟನ್ನು ನಮಗೆ ತಿರುಗಿಸಿದರು. ಸಂಜೆ ಆ ದಿನದ ತೀರ್ಮಾನಗಳನ್ನು ಗುಂಪು ಮಾಡಿಸಿದಾಗ, ತಪ್ಪು ಉಚ್ಚಾರ ಎಂಬ ಗುಂಪು ಮತ್ತೆ ಎದ್ದು ನಿಂತಿತ್ತು. ಎಲ್ಲ ಮಂಡ್ಯದವು, ಎಲ್ಲದರ ಮುಂದೆ ಆಪಾ ಅವರ ಹೆಸರು. ಒಂದರಲ್ಲಿ ಆ ಕಡೆಯವರು ಬರೆದದ್ದು, ಮಗೀಗೆ ವಸಿ ಜರ ಬಂದದೆ. ಆಪಾ ಷರಾದಲ್ಲಿ ಬಿಸಿ ಜ್ವರ ಎಂದು ಬರೆದು, ಉಚ್ಚಾರ ತಪ್ಪು ಎಂದು ತಳ್ಳಿದ್ದರು. ವಸಿ ಎಂದರೆ ಸ್ವಲ್ಪ ಎಂದು ನನಗೂ ಗೊತ್ತಿರಲಿಲ್ಲ. ಆ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ ತಿಳಿದುಕೊಂಡೆ.

ಆಪಾರ ಪಕ್ಕ ಕೂತು ಆ ಸಾಲು ತೋರಿಸಿದೆ. ಅವರು ನಾಚಿಕೊಳ್ಳಲಿಲ್ಲ.

"ನಮ್ಮನ್ನ ಬೆಂಗಳೂರಿನವರು ಬಿಟ್ಟಿದ್ರೇನ ತಂಗಿ?" ಎಂದರು.

ಬಿಟ್ಟಿರಲಿಲ್ಲ. ಆ ದಿನ ಕಿಟಕಿಯ ಹತ್ತಿರ ಅವರು ಹೇಗೆ ಕೂತಿದ್ದರೆಂಬುದು ನನಗೆ ನೆನಪಿತ್ತು.

"ಈಕಿ ನಮ್ಮನ್ನ ಏನೂ ಅಂದಿಲ್ಲ ಆಪಾ," ಎಂದೆ. "ಈಕಿದೂ ಕೂಸಿಗೆ ಆರಾಮಿಲ್ಲ. ಈಕಿ ಮಾತು ತಪ್ಪಲ್ಲರಿ, ನಮಗ ತಿಳಿವಲ್ದು ಅಷ್ಟ."

ಆಪಾ ಹೆಡ್‌ಫೋನ್ ಎತ್ತಿಕೊಂಡು ಆ ಧ್ವನಿಯನ್ನು ಮತ್ತೆ ಕೇಳಿದರು. ಮತ್ತೊಮ್ಮೆ ಕೇಳಿದರು. "ಪಾಪ," ಎಂದು, ತಾವೇ ಆ ತೀರ್ಮಾನವನ್ನು ಅಳಿಸಿದರು.

ಪರಿಶೀಲಕರ ಪರದೆಯಲ್ಲಿ ಕಾಣುವ ಕಾರಣಗಳೂ ಒಂದು ಜೆಸಾನ್ ಕಡತದಿಂದಲೇ ಬರುತ್ತಿದ್ದವು. ಬೆಂಗಳೂರಿನಲ್ಲಿ ಕೂತವರಿಗೂ ಹಾವೇರಿಯಲ್ಲಿ ಕೂತವರಿಗೂ ಅದೇ ಕಡತ. ನಾನು ಯಾರನ್ನೂ ಕೇಳಲಿಲ್ಲ. ಹಿನ್ನೆಲೆ ಸದ್ದನ್ನು ಉಳಿಸಿ, ಅಪೂರ್ಣ ವಾಕ್ಯವನ್ನು ಉಳಿಸಿ, ತಪ್ಪು ಉಚ್ಚಾರ ಎಂಬುದನ್ನು ತೆಗೆದುಹಾಕುವ ಸಾಲು ಬರೆದೆ. ಅದರ ಜಾಗಕ್ಕೆ 'ನನಗೆ ತಿಳಿಯಲಿಲ್ಲ' ಎಂದು ಸೇರಿಸಿದೆ. ಎಂಟರ್ ಒತ್ತಿದೆ.

ಮರುದಿನ ಮ್ಯಾನೇಜರಿಂದ ಒಂದು ಸಾಲಿನ ಮೇಲ್ ಬಂತು: ಕಾರಣಗಳನ್ನು ಬದಲಿಸಿದವರು ಯಾರು? ನಾನು, ಎಂದು ಉತ್ತರಿಸಿದೆ. ತೆಗೆದದ್ದನ್ನು ಯಾರೂ ವಾಪಸ್ ಹಾಕಲಿಲ್ಲ.